ಪಂಚಾಯಿತಿಯ ಸಣ್ಣ ಪೆಟ್ರೋಲ್ ಇಂಜಿನ್‌ಗಳು: ಸುರಕ್ಷಿತ ಬಳಕೆ ಮತ್ತು ನಮ್ಮ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ. ಸದಸ್ಯರ ಅವಗಾಹನೆಗಾಗಿ ಹಾಗೂ ಸಾಮಾನ್ಯ ಸಭೆಯಲ್ಲಿ ಓದಿ ಚರ್ಚಿಸುವುದಕ್ಕಾಗಿ ಪ್ರಕಟಿಸಲಾಗಿದೆ.)



ತಮ್ಮ ತಮ್ಮ ಪಂಚಾಯಿತಿ ಕಚೇರಿಯ ಹಿಂಬದಿಯ ಕೋಣೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಬೇಕೆಂದು ಮೊದಲಿಗೆ ಕೋರುತ್ತೇನೆ. ಅಲ್ಲಿ ಹಳೆಯ ಕುರ್ಚಿಗಳು, ಬೀದಿದೀಪದ ತಂತಿಯ ಸುರುಳಿಗಳು, ಬ್ಲೀಚಿಂಗ್ ಪುಡಿಯ ಚೀಲ ಇವುಗಳ ನಡುವೆ ಒಂದು ಜನರೇಟರ್ ಇರುತ್ತದೆ. ಹುಲ್ಲು ಕೊಚ್ಚುವ ಬ್ರಷ್ ಕಟರ್ ಇರುತ್ತದೆ. ಸೊಳ್ಳೆ ನಿಯಂತ್ರಣದ ಫಾಗಿಂಗ್ ಯಂತ್ರ ಇರುತ್ತದೆ. ಕೆಲವೆಡೆ ನೀರೆತ್ತುವ ಪೆಟ್ರೋಲ್ ಪಂಪು, ಬಿದ್ದ ಮರ ಕತ್ತರಿಸುವ ಗರಗಸವೂ ಇರುತ್ತವೆ. ಪಕ್ಕದಲ್ಲೇ ಅರ್ಧ ತುಂಬಿದ ಒಂದು ಪ್ಲಾಸ್ಟಿಕ್ ಕ್ಯಾನ್. ಅದರಲ್ಲಿರುವುದು ಪೆಟ್ರೋಲೋ, ಡೀಸೆಲ್ಲೋ, ಆಯಿಲ್ ಬೆರೆಸಿದ ಪೆಟ್ರೋಲೋ ಎಂಬುದು ಅದನ್ನು ಅಲ್ಲಿಟ್ಟವನಿಗೆ ಮಾತ್ರ ಗೊತ್ತು. ಅವನು ಆ ದಿನ ರಜೆಯಲ್ಲಿರುತ್ತಾನೆ.

ಕೃಷಿ ಯಂತ್ರೋಪಕರಣಗಳ ದುರಸ್ತಿ ಮತ್ತು ತರಬೇತಿಯ ಕೆಲಸದಲ್ಲಿ ಹಲವು ವರ್ಷ ಕಳೆದವನು ನಾನು. ರೈತನ ಸ್ವಂತ ಯಂತ್ರಕ್ಕೂ ಸಾರ್ವಜನಿಕ ಸಂಸ್ಥೆಯ ಯಂತ್ರಕ್ಕೂ ನಾನು ಕಂಡ ವ್ಯತ್ಯಾಸ ಒಂದೇ. ರೈತನ ಯಂತ್ರವನ್ನು ಅವನ ಮನೆಯವರಷ್ಟೇ ಮುಟ್ಟುತ್ತಾರೆ. ಅದರ ಗುಣದೋಷಗಳು ಅವನಿಗೆ ತಿಳಿದಿರುತ್ತವೆ. ಪಂಚಾಯಿತಿಯ ಯಂತ್ರವನ್ನು ಈ ವಾರ ನೀರಗಂಟಿ, ಮುಂದಿನ ವಾರ ಸ್ವಚ್ಛತಾಗಾರ, ಜಾತ್ರೆಯ ದಿನ ಊರಿನ ಯಾವನೋ ಹುಡುಗ ಚಾಲೂ ಮಾಡುತ್ತಾನೆ. ಎಲ್ಲರದ್ದೂ ಆದ ಯಂತ್ರ ಯಾರ ಹೊಣೆಯೂ ಅಲ್ಲದ ಯಂತ್ರವಾಗುತ್ತದೆ. ಅಪಾಯ ಹುಟ್ಟುವುದು ಅಲ್ಲಿಂದ. ಆದ್ದರಿಂದ ಇಂದಿನ ನನ್ನ ಮಾತು ಯಂತ್ರ ನಡೆಸುವವರಿಗೆ ಎಷ್ಟು ಸಂಬಂಧಿಸಿದೆಯೋ, ಅದನ್ನು ಖರೀದಿಸಲು ಠರಾವು ಮಾಡಿದ ತಮಗೂ ಅಷ್ಟೇ ಸಂಬಂಧಿಸಿದೆ.

ಹೊಗೆಯ ಅಪಾಯ

ಪೆಟ್ರೋಲ್ ಇಂಜಿನ್ ಎಂದೊಡನೆ ನಮಗೆ ಬೆಂಕಿಯ ಭಯ ಮೊದಲು ಬರುತ್ತದೆ. ಕಣ್ಣಿಗೆ ಕಾಣದ ಅಪಾಯ ಅದಕ್ಕಿಂತ ಘೋರವಾದದ್ದು. ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗಿನಲ್ಲಿ ಉರಿ ತರುವ ಗುಣವೂ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಎಂಬ ಅಂಶವಿದೆಯಲ್ಲವೇ, ಅದರೊಂದಿಗೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಆದರೆ ದೇಹಕ್ಕೆ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಕಾಲುಗಳಲ್ಲಿ ನಿಶ್ಶಕ್ತಿ. ಇದನ್ನು ಬಿಸಿಲಿನ ಬಳಲಿಕೆ ಎಂದೋ ಪಿತ್ತವೆಂದೋ ತಿಳಿದು ಮನುಷ್ಯ ಅಲ್ಲೇ ಕುಳಿತುಕೊಳ್ಳುತ್ತಾನೆ. ಅನಂತರ ಏಳುವ ಶಕ್ತಿಯೇ ಉಳಿಯುವುದಿಲ್ಲ.

ಹೊಸ ಕಾರುಗಳ ಹೊಗೆಕೊಳವೆಯಲ್ಲಿ ಈ ಅನಿಲವನ್ನು ತಗ್ಗಿಸುವ ಸಾಧನವಿರುತ್ತದೆ. ನಮ್ಮ ಸಣ್ಣ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಆದ್ದರಿಂದ ಗಾತ್ರ ಚಿಕ್ಕದೆಂದು ಅದರ ಹೊಗೆಯನ್ನು ಲಘುವಾಗಿ ಎಣಿಸಬಾರದು. ಜನರೇಟರನ್ನು ಕಚೇರಿಯ ಕೋಣೆಯಲ್ಲಾಗಲೀ, ಸಮುದಾಯ ಭವನದ ಮೆಟ್ಟಿಲ ಕೆಳಗಾಗಲೀ, ಮಳೆ ಬಂದಿತೆಂದು ಮುಚ್ಚಿದ ವರಾಂಡದಲ್ಲಾಗಲೀ ನಡೆಸಬಾರದು. ಕಿಟಕಿ ತೆರೆದಿದೆ, ಫ್ಯಾನ್ ತಿರುಗುತ್ತಿದೆ ಎಂಬುದು ಸಮಾಧಾನವಲ್ಲ. ಕಟ್ಟಡದ ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆಕೊಳವೆ ಕಟ್ಟಡಕ್ಕೆ ಬೆನ್ನು ಮಾಡಿರುವಂತೆ, ಬಯಲಿನಲ್ಲಿ ಇಡಬೇಕು. ಮಳೆಗೆ ನೆನೆಯದಂತೆ ಮೇಲೊಂದು ಸೂರು ಬೇಕು. ನಾಲ್ಕು ಕಡೆ ಗೋಡೆ ಬೇಡ.

ಬಾವಿಗೆ ಇಂಜಿನ್ ಇಳಿಸಬೇಡಿ

ಈಗ ಬೇಸಿಗೆ ಸಮೀಪಿಸುತ್ತಿದೆ. ತೆರೆದ ಬಾವಿಗಳ ಹೂಳೆತ್ತುವ ಕೆಲಸ ಎಲ್ಲ ಪಂಚಾಯಿತಿಗಳಲ್ಲೂ ಆರಂಭವಾಗುತ್ತದೆ. ಇಂದು ನಾನು ಹೇಳುವ ಎಲ್ಲ ಮಾತುಗಳಲ್ಲಿ ಒಂದನ್ನು ಮಾತ್ರ ನೆನಪಿನಲ್ಲಿ ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಬೇಕು.

ಪಂಪು ನೀರನ್ನು ಬಹಳ ಎತ್ತರಕ್ಕೆ ತಳ್ಳಬಲ್ಲದು. ಆದರೆ ಕೆಳಗಿನಿಂದ ಎಳೆಯುವ ಶಕ್ತಿಗೆ ಮಿತಿಯಿದೆ. ನೀರನ್ನು ಪೈಪಿನೊಳಗೆ ಮೇಲಕ್ಕೇರಿಸುವುದು ಹೊರಗಿನ ಗಾಳಿಯ ಒತ್ತಡ. ಲೆಕ್ಕದ ಪ್ರಕಾರ ಅದು ಸುಮಾರು 10 ಮೀಟರಿಗೆ ಮುಗಿಯುತ್ತದೆ. ವಾಸ್ತವದಲ್ಲಿ 6-7 ಮೀಟರ್ ದಾಟಿದರೆ ಪಂಪು ನೀರು ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ನೀರು ಅದಕ್ಕಿಂತ ಕೆಳಗಿಳಿದಾಗ ಕೆಲಸಗಾರರು ಏನು ಮಾಡುತ್ತಾರೆ? ಇಂಜಿನ್ ಸಹಿತ ಪಂಪನ್ನು ಹಗ್ಗ ಕಟ್ಟಿ ಬಾವಿಯೊಳಗಿನ ಕಟ್ಟೆಯ ಮೇಲೆ ಇಳಿಸಿ ಚಾಲೂ ಮಾಡುತ್ತಾರೆ. ಹಾಗೆ ಮಾಡುವವರು ಮೂರ್ಖರಲ್ಲ. ನೀರು ಬರಲು ಅವರಿಗೆ ಕಂಡ ದಾರಿ ಅದೊಂದೇ. ಆದರೆ ಬಾವಿಯೆಂದರೆ ಗಾಳಿಯಾಡದ ಕೊಳವೆ. ಇಂಜಿನ್ನಿನ ಹೊಗೆ ಅಲ್ಲೇ ತುಂಬುತ್ತದೆ. ಇಂಜಿನ್ ನಿಂತಿತೆಂದು ನೋಡಲು ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅಣ್ಣನನ್ನು ಎತ್ತಲು ನೆರೆಯವನು ಇಳಿಯುತ್ತಾನೆ. ಒಂದೇ ಬಾವಿಯಲ್ಲಿ ಇಬ್ಬರು ಮೂವರು ಸತ್ತ ಸುದ್ದಿಗಳನ್ನು ತಾವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಮೊದಲನೆಯವನ ಹಿಂದೆ ಇಳಿದವರು ಧೈರ್ಯವಂತರೇ. ಅವರನ್ನು ತಡೆಯಬಲ್ಲ ತಿಳಿವಳಿಕೆ ಆ ಕ್ಷಣದಲ್ಲಿ ಅಲ್ಲಿ ಯಾರಿಗೂ ಇರಲಿಲ್ಲ.

ನಮ್ಮ ಹಿರಿಯರು ಬಾವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುತ್ತಿರಲಿಲ್ಲ. ಆಮ್ಲಜನಕ ತೀರ ಕಡಿಮೆಯಿರುವುದನ್ನು ಆ ಪರೀಕ್ಷೆ ತೋರಿಸುತ್ತಿತ್ತು, ಅಷ್ಟರ ಮಟ್ಟಿಗೆ ಅದು ವಿವೇಕದ ಕ್ರಮವೇ. ಆದರೆ ಕಾರ್ಬನ್ ಮಾನಾಕ್ಸೈಡನ್ನು ಅದು ತೋರಿಸಲಾರದು. ಮನುಷ್ಯನನ್ನು ಕೊಲ್ಲುವಷ್ಟು ಆ ಅನಿಲವಿದ್ದರೂ ದೀಪ ಎಂದಿನಂತೆಯೇ ಉರಿಯುತ್ತದೆ. ಜೊತೆಗೆ ಪೆಟ್ರೋಲ್ ಆವಿ ಇರುವಲ್ಲಿ ಉರಿಯುವ ದೀಪ ಇಳಿಸುವುದೇ ಅನಾಹುತ. ಆದುದರಿಂದ ಇಂಜಿನ್ ನಡೆದ ಬಾವಿಗೆ ದೀಪದ ಪರೀಕ್ಷೆಯನ್ನು ನಂಬಬಾರದು. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡರೂ ಈ ಅನಿಲ ಸೋಸಿಹೋಗುವುದಿಲ್ಲ.

ಹಾಗಾದರೆ ಕೆಲಸ ಹೇಗೆ? ಬಾವಿಯೊಳಗೆ ಇಳಿಯಬೇಕಾದದ್ದು ವಿದ್ಯುತ್ತಿನ ಸಬ್‌ಮರ್ಸಿಬಲ್ ಪಂಪು. ವಿದ್ಯುತ್ ಇಲ್ಲವಾದರೆ ಜನರೇಟರ್ ಮೇಲೆ ನೆಲದ ಮೇಲಿರಲಿ, ಅದೂ ಬಾವಿಯ ಬಾಯಿಂದ ದೂರದಲ್ಲಿ, ಹೊಗೆಯನ್ನು ಗಾಳಿ ಬಾವಿಯ ಕಡೆಗೆ ತಾರದ ದಿಕ್ಕಿನಲ್ಲಿರಲಿ. ಸೋರಿಕೆ ವಿದ್ಯುತ್ತನ್ನು ಕಡಿದುಹಾಕುವ ಸುರಕ್ಷಾ ಸ್ವಿಚ್ ಇರಲಿ. ಪಂಪು ನಡೆಯುತ್ತಿರುವಾಗ ಯಾರೂ ನೀರಿನಲ್ಲಿ ನಿಲ್ಲಬಾರದು. ಜನರು ಇಳಿಯುವ ಮುನ್ನ ಬ್ಲೋವರ್‌ನಿಂದ ಹೊಸ ಗಾಳಿ ತುಂಬಿ, ಅನಿಲ ಪತ್ತೆ ಸಾಧನದಿಂದ ಪರೀಕ್ಷಿಸಬೇಕು. ಆ ಸಾಧನ ದೊರೆಯದಿದ್ದರೆ ಆ ದಿನ ಕೆಲಸ ನಿಲ್ಲಲಿ. ಹೂಳು ಮುಂದಿನ ವಾರವೂ ಅಲ್ಲೇ ಇರುತ್ತದೆ.

ಒಬ್ಬರು ಒಳಗೆ ಬಿದ್ದದ್ದು ಕಂಡರೆ ಮಾಡಬೇಕಾದದ್ದು: ಉಳಿದವರು ಇಳಿಯದಂತೆ ತಡೆಯುವುದು, 112ಕ್ಕೆ ಅಥವಾ 101ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸುವುದು, 108 ಆಂಬುಲೆನ್ಸ್ ಕರೆಸುವುದು, ಸಾಧ್ಯವಾದರೆ ಮೇಲಿನಿಂದಲೇ ಹೊಸ ಗಾಳಿ ಊದುವುದು. ಕೆಲಸಗಾರನಿಗೆ ಮೊದಲೇ ಸೊಂಟಪಟ್ಟಿ ಮತ್ತು ಹಗ್ಗ ಕಟ್ಟಿದ್ದರೆ ಮೇಲಿನಿಂದ ಎಳೆದುಕೊಳ್ಳಬಹುದು. ಮೇಲೆ ಬಂದವನು ಎಚ್ಚೆತ್ತು ಮಾತನಾಡಿದರೂ ಆಸ್ಪತ್ರೆಗೆ ಕಳುಹಿಸಲೇಬೇಕು. ಅವನಿಗೆ ಬೇಕಾದ ಚಿಕಿತ್ಸೆ ಆಮ್ಲಜನಕ.

ಪೆಟ್ರೋಲಿನ ಅಪಾಯ

ಎರಡನೆಯದು ಇಂಧನ. ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ; ಅದರಿಂದೇಳುವ ಆವಿ ಉರಿಯುತ್ತದೆ. ಶೂನ್ಯಕ್ಕಿಂತ 40 ಡಿಗ್ರಿಯಷ್ಟು ಕೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳಬಲ್ಲಷ್ಟು ಆವಿಯನ್ನು ಬಿಡುತ್ತದೆ ಎಂದ ಮೇಲೆ ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನದ ಮಾತೇನು? ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೇರಿ ಚೆದುರದೆ ನೀರಿನಂತೆ ನೆಲದ ಮೇಲೆ ಹರಿದು, ತಗ್ಗಿನಲ್ಲಿ ನಿಲ್ಲುತ್ತದೆ. ಕ್ಯಾನ್ ಇರುವ ಕೋಣೆಯಲ್ಲಿ ಬೆಂಕಿ ಇಲ್ಲದಿದ್ದರೂ ಪಕ್ಕದ ಕೋಣೆಯಲ್ಲಿ ಚಹಾ ಕಾಯಿಸುವ ಒಲೆಯನ್ನು ಅದು ಹುಡುಕಿಕೊಂಡು ಹೋಗಬಲ್ಲದು.

ಇಂಧನ ತುಂಬುವ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ರಾತ್ಯಕ್ಷಿಕೆಯ ನಡುವೆ ಪಂಪಿನ ಪೆಟ್ರೋಲ್ ಮುಗಿಯಿತು. ನೂರು ಜನ ರೈತರು ಕಾಯುತ್ತಿದ್ದರು. ಇಂಜಿನ್ ಆರಲು ಬಿಡದೆ ಕ್ಯಾನ್ ಬಗ್ಗಿಸಿದೆ. ಚೆಲ್ಲಿದ ಪೆಟ್ರೋಲ್ ಕಾದ ಸೈಲೆನ್ಸರ್ ಮೇಲೆ ಬಿತ್ತು. ಹತ್ತಿರದಲ್ಲಿ ಮರಳಿದ್ದುದರಿಂದ ಯಂತ್ರ ಉಳಿಯಿತು. ನನ್ನ ಎಡಗೈಯ ಚರ್ಮ ಉಳಿಯಲಿಲ್ಲ. ಆ ದಿನ ಹತ್ತು ನಿಮಿಷ ಉಳಿಸಲು ಹೊರಟವನು ಒಂದೂವರೆ ತಿಂಗಳು ಮನೆಯಲ್ಲಿದ್ದೆ. ಅಂದಿನಿಂದ ನಾನು ಪಾಲಿಸುತ್ತ, ಇತರರಿಗೂ ಹೇಳುತ್ತ ಬಂದಿರುವ ಕ್ರಮವಿದು: ಇಂಜಿನ್ ನಿಲ್ಲಿಸಿ ಕನಿಷ್ಠ 10 ನಿಮಿಷ ಆರಲು ಬಿಡಬೇಕು. ಬಯಲಿನಲ್ಲಿ, ಆಲಿಕೆ ಇಟ್ಟು ತುಂಬಬೇಕು. ಟ್ಯಾಂಕನ್ನು ಕಂಠಮಟ್ಟ ತುಂಬಿಸದೆ ಸ್ವಲ್ಪ ಜಾಗ ಬಿಡಬೇಕು, ಏಕೆಂದರೆ ಬಿಸಿಗೆ ಪೆಟ್ರೋಲ್ ಹಿಗ್ಗುತ್ತದೆ. ಮುಚ್ಚಳ ಬಿಗಿದು, ಚೆಲ್ಲಿದ್ದನ್ನು ಒರೆಸಿ, ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ಆಚೆ ಹೋಗಿ ಚಾಲೂ ಮಾಡಬೇಕು. ಬೀಡಿ, ಸಿಗರೇಟು, ಮೊಬೈಲ್ ಸಂಭಾಷಣೆ ಆ ಹೊತ್ತಿಗೆ ದೂರವಿರಲಿ. ಒಂದು ಬಕೆಟ್ ಮರಳು ಮತ್ತು ಒಣ ಪುಡಿಯ ಅಗ್ನಿಶಾಮಕ ಸಿಲಿಂಡರ್ ಹತ್ತಿರವಿರಲಿ. ಪೆಟ್ರೋಲಿಗೆ ಹತ್ತಿದ ಬೆಂಕಿಗೆ ನೀರು ಹೊಯ್ದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ಹರಡುತ್ತದೆ.

ದಾಸ್ತಾನಿನ ವಿಷಯದಲ್ಲಿ ಕಾನೂನೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಒಟ್ಟು 30 ಲೀಟರ್ ಮೀರದಂತೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಅದನ್ನು ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿಡಬೇಕು. ಲೋಹದ ಪಾತ್ರೆಯಾದರೆ ಒಂದೊಂದೂ 25 ಲೀಟರ್ ಮೀರಬಾರದು. ನಮ್ಮ ಪಂಚಾಯಿತಿಗಳಿಗೆ 5 ಅಥವಾ 10 ಲೀಟರಿನ ಲೋಹದ ಕ್ಯಾನ್ ಸಾಕು. ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಪೆಟ್ರೋಲ್’ ಎಂದು ಕನ್ನಡದಲ್ಲಿ ಬರೆಸಬೇಕು. ನೀರಿನ ಖಾಲಿ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಡುವ ರೂಢಿಯನ್ನು ಇಂದೇ ಕೈಬಿಡಬೇಕು. ಬಾಯಾರಿದ ಕೆಲಸಗಾರನೋ ಮಗುವೋ ಅದನ್ನು ನೀರೆಂದು ಕುಡಿದರೆ ಯಾರು ಹೊಣೆ? ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆಯುವುದೂ ಅಷ್ಟೇ ಅಪಾಯಕರ. ನುಂಗಿದವರಿಗೆ ವಾಂತಿ ಮಾಡಿಸಬಾರದು. ವಾಂತಿಯೊಂದಿಗೆ ಪೆಟ್ರೋಲ್ ಶ್ವಾಸಕೋಶ ಸೇರಿದರೆ ಹಾನಿ ಹೆಚ್ಚು. ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಇಂಜಿನ್‌ಗಳಲ್ಲಿ ಎರಡು ಬಗೆ. ಫೋರ್ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲ್ ಬೇರೆ, ಆಯಿಲ್ ಬೇರೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನಲ್ಲೇ ಟೂ-ಟಿ ಆಯಿಲ್ ಬೆರೆಸಬೇಕು. ಅಳತೆ ಯಂತ್ರದ ಕೈಪಿಡಿಯಲ್ಲಿರುತ್ತದೆ: 50ಕ್ಕೆ 1 ಎಂದಿದ್ದರೆ 1 ಲೀಟರಿಗೆ 20 ಮಿಲಿಲೀಟರ್, 40ಕ್ಕೆ 1 ಎಂದಿದ್ದರೆ 25, 25ಕ್ಕೆ 1 ಎಂದಿದ್ದರೆ 40. ಆಯಿಲ್ ಇಲ್ಲದ ಪೆಟ್ರೋಲ್ ಹಾಕಿದರೆ ಟೂ ಸ್ಟ್ರೋಕ್ ಇಂಜಿನ್ ಕೆಲವೇ ನಿಮಿಷಗಳಲ್ಲಿ ಜಾಮ್ ಆಗಬಹುದು. ಬೆರೆಸಿದ ಕ್ಯಾನ್ ಮತ್ತು ಬೆರೆಸದ ಕ್ಯಾನ್ ಬೇರೆ ಬೇರೆ ಬಣ್ಣದವಾಗಿರಲಿ. ಇನ್ನೊಂದು ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ. 20ರ ಎಥನಾಲ್ ಮಿಶ್ರಿತ ಪೆಟ್ರೋಲ್ ಈಗ ಎಲ್ಲೆಡೆ ಬಂದಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಯಂತ್ರಗಳ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸಬಲ್ಲದು. ಆದ್ದರಿಂದ ಪೆಟ್ರೋಲನ್ನು ತಿಂಗಳುಗಟ್ಟಲೆ ಸಂಗ್ರಹಿಸಬಾರದು. ಬಳಕೆಯ ಹಂಗಾಮು ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಇಂಜಿನ್ ನಡೆಸಿ ಇಡಬೇಕು. ಮತ್ತೆ ತೆಗೆಯುವಾಗ ಇಂಧನದ ಕೊಳವೆ ಸೋರುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು.

ಬ್ರಷ್ ಕಟರ್: ತಿರುಗುವ ಅಲಗಿನ ಅಪಾಯ

ರಸ್ತೆಬದಿ, ಶಾಲೆಯ ಮೈದಾನ, ಸ್ಮಶಾನ, ಚರಂಡಿಯ ಅಂಚು ಇವುಗಳ ಕಳೆ ತೆಗೆಯಲು ಬ್ರಷ್ ಕಟರ್ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಕತ್ತಿ ಹಿಡಿದ ಹತ್ತು ಜನರ ಕೆಲಸವನ್ನು ಒಬ್ಬ ಮಾಡುತ್ತಾನೆ, ನಿಜ. ಆದರೆ ಅದರ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅದಕ್ಕೆ ಸಿಕ್ಕ ಕಲ್ಲು, ಗಾಜಿನ ಚೂರು, ತಂತಿಯ ತುಂಡು ಕವಣೆಯಿಂದ ಬಿಟ್ಟಂತೆ ಹಾರುತ್ತವೆ. ಹೀಗೆ ಹಾರಿದ ಚೂರು ನಡೆಸುವವನ ಕಾಲಿಗೆ ತಾಗಿದರೆ ಗಾಯ. ಬೈಕಿನಲ್ಲಿ ಹೋಗುತ್ತಿದ್ದವನ ಕಣ್ಣಿಗೆ ತಾಗಿದರೆ ಜೀವನವೇ ಕತ್ತಲೆ.

ಕೆಲಸ ಆರಂಭಿಸುವ ಮುನ್ನ ಆ ಜಾಗವನ್ನು ಒಮ್ಮೆ ನಡೆದು ನೋಡಿ ಬಾಟಲಿ, ಕಲ್ಲು, ತಂತಿಗಳನ್ನು ಹೆಕ್ಕಬೇಕು. ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು. ರಸ್ತೆಬದಿಯಾದರೆ ಕೆಂಪು ಬಾವುಟ ಹಿಡಿದ ಇನ್ನೊಬ್ಬರು ಜೊತೆಗಿರಬೇಕು. ವಾಹನ ಹಾದುಹೋಗುವಾಗ ಅಲಗು ನಿಲ್ಲಬೇಕು. ಶಾಲೆಯ ಮೈದಾನದ ಕೆಲಸವನ್ನು ರಜೆಯ ದಿನವೇ ಮಾಡಬೇಕು. ಹಿಂದಿನಿಂದ ಬಂದು ಹೆಗಲು ಮುಟ್ಟಿ ಮಾತನಾಡಿಸುವುದು ನಮ್ಮ ಅಭ್ಯಾಸ. ಯಂತ್ರದ ಸದ್ದಿನಲ್ಲಿ ಅವನಿಗೆ ನಮ್ಮ ಬರವು ಕೇಳಿಸುವುದಿಲ್ಲ. ಅವನು ಅಲಗಿನ ಸಮೇತ ತಿರುಗುತ್ತಾನೆ. ಎದುರಿನಿಂದ, ದೂರದಿಂದ ಕೈಸನ್ನೆ ಮಾಡಿ, ಅವನು ನಿಲ್ಲಿಸಿದ ಮೇಲೆಯೇ ಹತ್ತಿರ ಹೋಗಬೇಕು. ಸದಸ್ಯರು ಸ್ಥಳ ಪರಿಶೀಲನೆಗೆ ಹೋದಾಗಲೂ ಈ ನಿಯಮ ಅನ್ವಯಿಸುತ್ತದೆ.

ನಡೆಸುವವನ ಉಡುಪು: ಗಟ್ಟಿ ಬೂಟು, ಉದ್ದನೆಯ ಪ್ಯಾಂಟು, ಕನ್ನಡಕ ಮತ್ತು ಮುಖದ ಜಾಲರಿ, ಕೈಗವಸು, ಕಿವಿಯ ಮುಚ್ಚಿಗೆ. ಲುಂಗಿ, ಹೆಗಲ ಮೇಲಿನ ಟವೆಲ್, ಜೋತಾಡುವ ಸೆರಗು ಅಥವಾ ದುಪಟ್ಟಾ ಸಲ್ಲದು. ಕಿವಿಯ ಮುಚ್ಚಿಗೆಯನ್ನು ಬಹುಮಂದಿ ಅಲಂಕಾರವೆಂದು ತಿಳಿಯುತ್ತಾರೆ. ದಿನವಿಡೀ 85 ಡೆಸಿಬೆಲ್ ಮೀರಿದ ಸದ್ದಿಗೆ ಒಡ್ಡಿಕೊಂಡರೆ ಶ್ರವಣಶಕ್ತಿ ಮೆಲ್ಲಮೆಲ್ಲನೆ ನಶಿಸುತ್ತದೆ. ಈ ಯಂತ್ರಗಳ ಸದ್ದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಹೋದ ಕಿವಿ ಮರಳಿ ಬರುವುದಿಲ್ಲ. ಸತತ ಕಂಪನದಿಂದ ಬೆರಳುಗಳು ಮರಗಟ್ಟುತ್ತವೆ. ಇಬ್ಬರು ಸರದಿಯಂತೆ ನಡೆಸುವುದು ಒಳ್ಳೆಯದು.

ಕಲ್ಲು, ಕಾಂಪೌಂಡು ಇರುವಲ್ಲಿ ನೈಲಾನ್ ದಾರವನ್ನೇ ಬಳಸಬೇಕು. ದಾರ ಬೇಗ ಸವೆಯುತ್ತದೆಂದು ಕೆಲವರು ಅದರ ಬದಲು ಕಬ್ಬಿಣದ ತಂತಿಯನ್ನೋ ಸರಪಳಿಯ ತುಂಡನ್ನೋ ಕಟ್ಟುತ್ತಾರೆ. ಅದು ತುಂಡಾದರೆ ಗುಂಡಿನಂತೆ ಹಾರುತ್ತದೆ, ಪ್ರಾಣ ತೆಗೆಯಬಲ್ಲದು. ಅಲಗಿನ ಮೇಲಿನ ರಕ್ಷಾ ಕವಚವನ್ನು ಭಾರವೆಂದು ಕಳಚಿಡುವುದೂ ಅಂಥದ್ದೇ ತಪ್ಪು. ಹುಲ್ಲು ಸುತ್ತಿಕೊಂಡರೆ ಮೊದಲು ಇಂಜಿನ್ ನಿಲ್ಲಬೇಕು, ಅಲಗು ಪೂರ್ತಿ ನಿಲ್ಲಬೇಕು, ಸ್ಪಾರ್ಕ್ ಪ್ಲಗ್ಗಿನ ತೊಪ್ಪಿ ಕಳಚಬೇಕು. ಕೈ ಹಾಕುವುದು ಆಮೇಲೆ. ಆಕ್ಸಿಲರೇಟರ್ ಬಿಟ್ಟಾಗಲೂ ಅಲಗು ತಿರುಗುತ್ತಲೇ ಇದ್ದರೆ ಆ ಯಂತ್ರ ದುರಸ್ತಿಗೆ ಹೋಗಬೇಕು, ಕೆಲಸಕ್ಕಲ್ಲ.

ಫಾಗಿಂಗ್ ಯಂತ್ರ ಮತ್ತು ಜನರೇಟರಿನ ವಿದ್ಯುತ್

ಫಾಗಿಂಗ್ ಯಂತ್ರದ ಬಗೆಗೆ ಎರಡು ಮಾತು. ಡೆಂಗ್ಯೂ ಕಾಲದಲ್ಲಿ ಜನರ ಒತ್ತಾಯಕ್ಕೆ ನಾವು ಆತುರದಿಂದ ಅದನ್ನು ಹೊರತೆಗೆಯುತ್ತೇವೆ. ಅದರ ಕೊಳವೆ ಬಹಳ ಕಾದಿರುತ್ತದೆ, ಒಳಗೆ ಹೋಗುವ ದ್ರಾವಣ ಡೀಸೆಲ್ ಅಥವಾ ಸೀಮೆಎಣ್ಣೆ ಬೆರೆತದ್ದು. ಇಂಜಿನ್ ನಿಲ್ಲಿಸುವ ಮುನ್ನ ದ್ರಾವಣದ ನಲ್ಲಿಯನ್ನು ಮುಚ್ಚಿ, ಹೊಗೆ ಬರುವುದು ನಿಂತ ಮೇಲೆಯೇ ಇಂಜಿನ್ ನಿಲ್ಲಿಸಬೇಕು. ಇಂಜಿನ್ ತಾನಾಗಿ ನಿಂತರೂ ಮೊದಲು ಮುಚ್ಚಬೇಕಾದದ್ದು ಆ ನಲ್ಲಿಯನ್ನೇ. ಈ ಕ್ರಮ ತಪ್ಪಿದರೆ ಕಾದ ಕೊಳವೆಗೆ ಬಿದ್ದ ದ್ರಾವಣ ಹೊತ್ತಿಕೊಂಡು ಕೊಳವೆಯ ಬಾಯಿಂದ ಜ್ವಾಲೆ ಹೊರಡುತ್ತದೆ. ಹುಲ್ಲಿನ ಬಣವೆ, ಸೋಗೆಯ ಸೂರು, ಉರಿಯುವ ಒಲೆಯಿರುವ ಮನೆ ಇವುಗಳ ಕಡೆಗೆ ಕೊಳವೆ ತಿರುಗಿಸಬಾರದು. ಕೀಟನಾಶಕದ ಅಳತೆಯನ್ನು ಆರೋಗ್ಯ ಇಲಾಖೆಯವರೇ ಹೇಳಬೇಕು. ನಡೆಸುವವನಿಗೆ ಮುಖಕವಚ, ಕೈಗವಸು, ಕಿವಿಯ ಮುಚ್ಚಿಗೆ ಬೇಕು.

ಜನರೇಟರಿನಿಂದ ಕಚೇರಿಗೆ ವಿದ್ಯುತ್ ಕೊಡುವಾಗ ಎರಡೂ ತುದಿಗೆ ಪ್ಲಗ್ ಇರುವ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚುವವರಿದ್ದಾರೆ. ಹಾಗೆ ಮಾಡಿದರೆ ವಿದ್ಯುತ್ ಹಿಮ್ಮುಖವಾಗಿ ಕಂಬದ ತಂತಿಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಅದರ ವೋಲ್ಟೇಜು ಏರುತ್ತದೆ. ಲೈನ್ ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ನಮ್ಮ ಜನರೇಟರಿನ ವಿದ್ಯುತ್ತಿಗೆ ಬಲಿಯಾಗಬಹುದು. ಅನುಮತಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಚೇಂಜ್ ಓವರ್ ಸ್ವಿಚ್ ಹಾಕಿಸದ ಹೊರತು ಕಟ್ಟಡದ ವೈರಿಂಗಿಗೆ ಜನರೇಟರ್ ಜೋಡಿಸಬಾರದು.

ಪಂಚಾಯಿತಿ ಕೈಗೊಳ್ಳಬೇಕಾದ ತೀರ್ಮಾನಗಳು

ಇದುವರೆಗೆ ಹೇಳಿದ್ದನ್ನೆಲ್ಲ ಯಂತ್ರ ನಡೆಸುವವನಿಗೆ ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಅವನಿಗೆ ಬೂಟು ಕೊಡಿಸದೆ ಬೂಟು ಹಾಕು ಎನ್ನುವುದು, ಇಂದು ಸಂಜೆಯೊಳಗೆ ಮುಗಿಸು ಎಂದು ಅವಸರಿಸಿ ಇಂಜಿನ್ ಆರಲು ಬಿಡು ಎನ್ನುವುದು ನ್ಯಾಯವಲ್ಲ. ಕೆಲಸದ ವೇಳೆ ಗಾಯಗೊಂಡವನಿಗೆ ಪರಿಹಾರ ನೀಡುವ ಹೊಣೆಯನ್ನು ಕಾನೂನು ಕೆಲಸ ಕೊಟ್ಟವರ ಮೇಲೆ ಹೊರಿಸುತ್ತದೆ. ಕಾನೂನಿಗಿಂತ ಮೊದಲು, ಅವನು ನಮ್ಮ ಊರಿನವನು, ನಮ್ಮ ಮಾತಿಗೆ ಯಂತ್ರ ಹಿಡಿದವನು.

ಆದುದರಿಂದ ಬರುವ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಈ ಕೆಳಗಿನ ಅಂಶಗಳನ್ನು ಸೇರಿಸಿ ಠರಾವು ಮಾಡಬೇಕೆಂದು ಕೋರುತ್ತೇನೆ.

1. ಪಂಚಾಯಿತಿಯ ಪ್ರತಿಯೊಂದು ಇಂಜಿನ್ ಯಂತ್ರಕ್ಕೂ ಒಬ್ಬ ಮುಖ್ಯ ಚಾಲಕ, ಒಬ್ಬ ಬದಲಿ ಚಾಲಕ ಎಂದು ಹೆಸರಿಸುವುದು. ಅವರಿಬ್ಬರ ಹೊರತು ಇತರರು, ಸದಸ್ಯರ ಶಿಫಾರಸು ಇದ್ದರೂ, ಯಂತ್ರ ಚಾಲೂ ಮಾಡಬಾರದು. ಖರೀದಿಯ ಸಮಯದಲ್ಲೇ ಮಾರಾಟಗಾರರಿಂದ ಇಬ್ಬರಿಗೂ ತರಬೇತಿ ಮತ್ತು ಕನ್ನಡದಲ್ಲಿ ಬಳಕೆಯ ಸೂಚನೆ ಕೇಳಿ ಪಡೆಯುವುದು.

2. ದಾಸ್ತಾನು ವಹಿಯ ಜೊತೆಗೆ ಪ್ರತಿ ಯಂತ್ರಕ್ಕೂ ಒಂದು ಪುಸ್ತಕ ಇಡುವುದು. ಯಾರು ಒಯ್ದರು, ಎಷ್ಟು ಗಂಟೆ ನಡೆಯಿತು, ಎಷ್ಟು ಪೆಟ್ರೋಲ್, ಯಾವ ದೋಷ ಕಂಡಿತು, ಯಾವಾಗ ದುರಸ್ತಿಯಾಯಿತು ಎಂಬುದನ್ನು ಅಂದಂದೇ ಬರೆಯುವುದು. ದೋಷವಿದ್ದ ಯಂತ್ರಕ್ಕೆ ‘ಬಳಸಬೇಡಿ’ ಎಂಬ ಚೀಟಿ ಕಟ್ಟುವುದು.

3. ಯಂತ್ರದ ಬೆಲೆಯ ಜೊತೆಗೇ ಸುರಕ್ಷಾ ಸಾಮಗ್ರಿಯ ಬೆಲೆಯನ್ನೂ ಅಂದಾಜಿನಲ್ಲಿ ಸೇರಿಸುವುದು. ಕನ್ನಡಕ, ಬೂಟು, ಕಿವಿಯ ಮುಚ್ಚಿಗೆ ಇಲ್ಲದ ಬ್ರಷ್ ಕಟರನ್ನು ಅಪೂರ್ಣ ಖರೀದಿಯೆಂದೇ ಪರಿಗಣಿಸುವುದು.

4. ಪೆಟ್ರೋಲಿಗೆ ಕಚೇರಿಯಿಂದ ಪ್ರತ್ಯೇಕವಾದ, ಗಾಳಿಯಾಡುವ, ಬೀಗವಿರುವ ಸ್ಥಳ ಗೊತ್ತುಪಡಿಸುವುದು. ಅಂಗನವಾಡಿ, ಗ್ರಂಥಾಲಯ, ಶಾಲೆಗಳ ಕಟ್ಟಡದಲ್ಲಿ ಇಡದಿರುವುದು.

5. ಬಾವಿ ಹೂಳೆತ್ತುವ ಕಾಮಗಾರಿಯ ಕಾರ್ಯಾದೇಶದಲ್ಲಿ ‘ಇಂಧನ ಚಾಲಿತ ಇಂಜಿನ್ನನ್ನು ಬಾವಿಯೊಳಗೆ ಇಳಿಸತಕ್ಕದ್ದಲ್ಲ’ ಎಂಬ ಷರತ್ತನ್ನು ಸೇರಿಸುವುದು. ಗುತ್ತಿಗೆದಾರರಿಗೂ ಇದು ಅನ್ವಯಿಸತಕ್ಕದ್ದು.

6. ಯಂತ್ರ ಚಾಲಕರನ್ನು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ನೋಂದಾಯಿಸಲು ನೆರವಾಗುವುದು. 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರಿಗೆ ವರ್ಷಕ್ಕೆ ₹20 ಕಂತಿನಲ್ಲಿ, ಅಪಘಾತದಿಂದ ಮರಣವಾದರೆ ₹2 ಲಕ್ಷ ವಿಮೆ ಇದರಲ್ಲಿದೆ. ಇದು ಪಂಚಾಯಿತಿಯ ಹೊಣೆಗೆ ಬದಲಿಯಲ್ಲ, ಕುಟುಂಬಕ್ಕೆ ಹೆಚ್ಚುವರಿ ಆಸರೆ ಮಾತ್ರ.

ಇವುಗಳ ಪಾಲನೆಯನ್ನು ಪಂಚಾಯಿತಿಯ ಸಂಬಂಧಪಟ್ಟ ಸಮಿತಿ ಮೂರು ತಿಂಗಳಿಗೊಮ್ಮೆ ಪರಿಶೀಲಿಸಿ ಸಭೆಗೆ ವರದಿ ಮಾಡಬಹುದು. ಗ್ರಾಮಸಭೆಯಲ್ಲೂ ಹತ್ತು ನಿಮಿಷ ಈ ವಿಷಯಕ್ಕೆ ಮೀಸಲಿಡಬೇಕೆಂಬುದು ನನ್ನ ಅರಿಕೆ. ರೈತರ ಮನೆಗಳಲ್ಲಿ ಪಂಚಾಯಿತಿಗಿಂತ ಹೆಚ್ಚು ಇಂಜಿನ್‌ಗಳಿವೆ: ತೋಟದ ಬ್ರಷ್ ಕಟರ್, ಔಷಧಿ ಸಿಂಪಡಿಸುವ ಪವರ್ ಸ್ಪ್ರೇಯರ್, ಬಾಡಿಗೆಗೆ ತಂದ ಪಂಪು. ಬಾವಿಯ ಮಾತನ್ನಾದರೂ ಪ್ರತಿ ಮನೆಗೆ ಮುಟ್ಟಿಸಲು ಸ್ತ್ರೀಶಕ್ತಿ ಸಂಘಗಳ, ಹಾಲು ಉತ್ಪಾದಕರ ಸಂಘಗಳ ನೆರವು ಪಡೆಯಬಹುದು. ಹಾಲಿನ ಡೇರಿಯ ಗೋಡೆಯ ಮೇಲೆ ಒಂದು ಸಾಲು ಬರೆಸಿದರೂ ಬೆಳಗ್ಗೆ ಸಂಜೆ ಎಲ್ಲರ ಕಣ್ಣಿಗೆ ಬೀಳುತ್ತದೆ.

ಕೊನೆಯದಾಗಿ ಒಂದು ವಿನಂತಿ. ಶಿಬಿರ ಮುಗಿಸಿ ಊರಿಗೆ ಮರಳಿದ ಮೇಲೆ ಆ ಹಿಂಬದಿಯ ಕೋಣೆಯ ಬಾಗಿಲನ್ನು ತಾವೇ ಒಮ್ಮೆ ತೆರೆಸಿ ನೋಡಬೇಕು. ಅಲ್ಲಿರುವ ಪ್ರತಿ ಯಂತ್ರವನ್ನೂ ತೋರಿಸಿ, ‘ಇದನ್ನು ನಡೆಸುವವರು ಯಾರು? ಅವರಿಗೆ ಕಲಿಸಿದವರು ಯಾರು?’ ಎಂದು ಎರಡೇ ಪ್ರಶ್ನೆ ಕೇಳಬೇಕು. ಎರಡಕ್ಕೂ ಉತ್ತರವಾಗಿ ಒಂದೊಂದು ಹೆಸರು ಸಿಕ್ಕಿದರೆ ಆ ಯಂತ್ರ ಕೆಲಸಕ್ಕೆ ಹೋಗಲಿ. ಹೆಸರು ಸಿಗದಿದ್ದರೆ, ಸಿಗುವವರೆಗೆ ಅದು ಅಲ್ಲೇ ಇರಲಿ.